ದುಂಡಾಣು ಅಂಗಮಾರಿಯನ್ನು ತಡೆಯುವ ಭತ್ತ: ನಿರೋಧಕ ಜೀನುಗಳನ್ನು ಒಳ್ಳೆಯ ತಳಿಗೆ ಸೇರಿಸುವ ಹಂತಗಳು

ತಳಿ ಅಭಿವೃದ್ಧಿಯನ್ನು ಓದುತ್ತಿರುವ ಕೃಷಿ ವಿದ್ಯಾರ್ಥಿಗಳು, ಬೀಜೋತ್ಪಾದನೆಯಲ್ಲಿ ತೊಡಗಿರುವವರು, ತುಂಗಭದ್ರಾ ಅಚ್ಚುಕಟ್ಟಿನ ಭತ್ತದ ಬೆಳೆಗಾರರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ. ರೋಗ ತಡೆಯುವ ಜೀನು ಇದೆಯೆಂದು ಎಲ್ಲೆಡೆ ಓದುತ್ತೇವೆ, ಅದನ್ನು ನಾವು ಬೆಳೆಯುವ ತಳಿಗೆ ತರುವುದು ಹೇಗೆ, ಎಷ್ಟು ಕಾಲ ಹಿಡಿಯುತ್ತದೆ, ಹಾಗೆ ತಂದದ್ದು ಕುಲಾಂತರಿ ಆಗುತ್ತದೆಯೇ? ಈ ಪ್ರಶ್ನೆಗಳಿಗೆ ಭತ್ತದ ದುಂಡಾಣು ಅಂಗಮಾರಿ ರೋಗವನ್ನು ಉದಾಹರಣೆಯಾಗಿಟ್ಟುಕೊಂಡು ಇಲ್ಲಿ ಉತ್ತರಿಸಲಾಗಿದೆ. ಈ ರೋಗವನ್ನೇ ಆರಿಸಿಕೊಳ್ಳಲು ಎರಡು ಕಾರಣಗಳಿವೆ. ಗದ್ದೆಗೆ ಬಂದ ಮೇಲೆ ಇದನ್ನು ಸಿಂಪರಣೆಯಿಂದ ಹತೋಟಿಗೆ ತರುವುದು ಬಹಳ ಕಷ್ಟವಾದ್ದರಿಂದ ನಿರೋಧಕ ತಳಿಯೇ ನಂಬಬಹುದಾದ ದಾರಿ. ಜೊತೆಗೆ, ಮಾರ್ಕರ್ ನೆರವಿನ ಆಯ್ಕೆ (ಡಿಎನ್‌ಎ ಗುರುತು ನೋಡಿ ಗಿಡ ಆರಿಸುವ ವಿಧಾನ) ಭಾರತದಲ್ಲಿ ಮೊದಲು ಫಲ ಕೊಟ್ಟ ಕ್ಷೇತ್ರಗಳಲ್ಲಿ ಇದು ಒಂದು.

ಆ ಫಲದ ಹೆಸರು ಸುಧಾರಿತ ಸಾಂಬಾ ಮಸೂರಿ. ಆಂಧ್ರದ ಬಾಪಟ್ಲದಿಂದ 1986ರಲ್ಲಿ ಬಿಡುಗಡೆಯಾದ ಬಿಪಿಟಿ 5204, ಅಂದರೆ ಸಾಂಬಾ ಮಸೂರಿ, ಸಣ್ಣಕ್ಕಿಗೆ ಹೆಸರಾದರೂ ಅಂಗಮಾರಿಗೆ ಸುಲಭವಾಗಿ ತುತ್ತಾಗುತ್ತಿತ್ತು. ಹೈದರಾಬಾದಿನ ಭತ್ತ ಸಂಶೋಧನಾ ನಿರ್ದೇಶನಾಲಯ (ಈಗಿನ ಭಾರತೀಯ ಭತ್ತ ಸಂಶೋಧನಾ ಸಂಸ್ಥೆ) ಮತ್ತು ಅದೇ ನಗರದ ಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರ ಸೇರಿ ಅದಕ್ಕೆ ಮೂರು ನಿರೋಧಕ ಜೀನುಗಳನ್ನು ಸೇರಿಸಿದವು. ಹೊಸ ತಳಿ 2008ರಲ್ಲಿ ಬಿಡುಗಡೆಯಾಯಿತು. ಮುಂದಿನ ಹಂತಗಳನ್ನು ಆ ಕೆಲಸದ ಜಾಡಿನಲ್ಲೇ ವಿವರಿಸಿದ್ದೇನೆ.

ಮೊದಲು ತಿಳಿದಿರಬೇಕಾದದ್ದು

ರೋಗಕ್ಕೆ ಕಾರಣ ಕ್ಸಾಂಥೊಮೊನಾಸ್ ಒರೈಜೆ ಎಂಬ ದುಂಡಾಣು. ಗರಿಯ ಅಂಚಿನಲ್ಲಿರುವ ನೀರುರಂಧ್ರಗಳಿಂದಲೋ ಗಾಯಗಳಿಂದಲೋ ಅದು ಒಳಹೊಕ್ಕು ನೀರು ಸಾಗಿಸುವ ನಾಳಗಳಲ್ಲಿ ಬೆಳೆಯುತ್ತದೆ. ಸಸಿಗಳ ತುದಿ ಕತ್ತರಿಸಿ ನಾಟಿ ಮಾಡುವ ಪದ್ಧತಿ, ಗಾಳಿ ಸಹಿತ ಮಳೆ, ಅತಿಯಾದ ಯೂರಿಯಾ ಇವು ರೋಗಕ್ಕೆ ದಾರಿ ಮಾಡಿಕೊಡುತ್ತವೆ.

ಜೀನು ಅಥವಾ ವಂಶವಾಹಿ ಎಂದರೆ ಒಂದು ಗುಣಕ್ಕೆ ಸೂಚನೆ ನೀಡುವ ಡಿಎನ್‌ಎ ತುಣುಕು. ಭತ್ತದಲ್ಲಿ 12 ಜೊತೆ ವರ್ಣತಂತುಗಳಿದ್ದು, ಪ್ರತಿ ಜೀನಿನ ಒಂದು ಪ್ರತಿ ತಾಯಿಯಿಂದಲೂ ಇನ್ನೊಂದು ತಂದೆಯಿಂದಲೂ ಬರುತ್ತದೆ. ಒಂದೇ ಪ್ರತಿ ಇದ್ದರೂ ಗುಣ ಕಾಣಿಸಿದರೆ ಅದು ಪ್ರಬಲ ಜೀನು. ಎರಡೂ ಪ್ರತಿ ಒಂದೇ ಬಗೆಯವಾದಾಗ ಮಾತ್ರ ಗುಣ ಕಾಣಿಸಿದರೆ ಅದು ಅಪ್ರಬಲ ಜೀನು.

ಸಾಂಬಾ ಮಸೂರಿಗೆ ಸೇರಿಸಿದ ಮೂರು ಜೀನುಗಳು ಎಕ್ಸ್‌ಎ21, ಎಕ್ಸ್‌ಎ13 ಮತ್ತು ಎಕ್ಸ್‌ಎ5. ಇವು ಕೆಲಸ ಮಾಡುವ ರೀತಿ ಒಂದಕ್ಕಿಂತ ಒಂದು ಭಿನ್ನ, ಮತ್ತು ಇಡೀ ಯೋಜನೆ ನಿಂತಿರುವುದು ಈ ಭಿನ್ನತೆಯ ಮೇಲೆ.

ಎಕ್ಸ್‌ಎ21 ಪ್ರಬಲ ಜೀನು. ಆಫ್ರಿಕಾದ ಕಾಡುಭತ್ತವಾದ ಒರೈಜಾ ಲಾಂಗಿಸ್ಟಾಮಿನೇಟಾದಿಂದ ಬಂದದ್ದು. 11ನೇ ವರ್ಣತಂತುವಿನಲ್ಲಿರುವ ಇದನ್ನು 1995ರಲ್ಲಿ ಬೇರ್ಪಡಿಸಿ ಓದಲಾಯಿತು. ಕೋಶದ ಹೊರಮೈಯಲ್ಲಿ ಕಾವಲಿರುವ ಒಂದು ಗ್ರಾಹಕ ಪ್ರೋಟೀನನ್ನು ಅದು ತಯಾರಿಸುತ್ತದೆ. ದುಂಡಾಣು ಹೊರಸೂಸುವ ಅಣುವನ್ನು ಆ ಗ್ರಾಹಕ ಗುರುತಿಸಿ ಗಿಡದ ರಕ್ಷಣೆಯನ್ನು ಎಚ್ಚರಿಸುತ್ತದೆ. 8ನೇ ವರ್ಣತಂತುವಿನ ಎಕ್ಸ್‌ಎ13 ಅಪ್ರಬಲ. ದುಂಡಾಣು ತನ್ನದೊಂದು ಪ್ರೋಟೀನನ್ನು ಗಿಡದ ಕೋಶದೊಳಕ್ಕೆ ತಳ್ಳಿ, ಸಕ್ಕರೆಯನ್ನು ಹೊರಕ್ಕೆ ಸಾಗಿಸುವ ಜೀನನ್ನು ಚಾಲೂ ಮಾಡಿಸಿ, ಹಾಗೆ ಸೋರಿದ ಸಕ್ಕರೆಯನ್ನು ಉಂಡು ಬೆಳೆಯುತ್ತದೆ. ಎಕ್ಸ್‌ಎ13 ಇರುವ ಗಿಡದಲ್ಲಿ ಆ ಜೀನನ್ನು ಚಾಲೂ ಮಾಡುವ ಭಾಗವೇ ಬದಲಾಗಿರುವುದರಿಂದ ದುಂಡಾಣುವಿಗೆ ಹಿಡಿತ ಸಿಗುವುದಿಲ್ಲ. 5ನೇ ವರ್ಣತಂತುವಿನ ಎಕ್ಸ್‌ಎ5 ಕೂಡ ಅಪ್ರಬಲ. ಜೀನುಗಳನ್ನು ಓದುವ ಯಂತ್ರಾಂಗದ ಒಂದು ಪ್ರೋಟೀನಿನಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾಗಿರುವ ರೂಪ ಇದು, ಮತ್ತು ದುಂಡಾಣುವಿನ ಪ್ರೋಟೀನುಗಳು ಇದರೊಂದಿಗೆ ಸರಿಯಾಗಿ ಜೋಡಿಕೊಳ್ಳಲಾರವು.

ಒಂದೇ ಜೀನನ್ನು ನೆಚ್ಚಿದ ತಳಿಯ ಎದುರು ದುಂಡಾಣುವಿನ ಒಂದು ಬದಲಾವಣೆ ಸಾಕು. ಎಕ್ಸ್‌ಎ4 ಎಂಬ ಜೀನನ್ನು ಏಷ್ಯಾದಲ್ಲಿ ವ್ಯಾಪಕವಾಗಿ ಬಳಸಿದ ಮೇಲೆ ಅದನ್ನು ಮೀರಿದ ದುಂಡಾಣುಗಳು ಹಲವೆಡೆ ಹಬ್ಬಿದವು. ಎಕ್ಸ್‌ಎ21ನ್ನು ಮೀರುವ ದುಂಡಾಣುಗಳೂ ಭಾರತದಲ್ಲಿ ಸಿಕ್ಕಿವೆ. ಆದ್ದರಿಂದ ನೀವು ಒಂದೇ ಜೀನು ಸೇರಿಸುವ ಯೋಜನೆ ಹಾಕಿಕೊಂಡಿದ್ದರೆ ಈಗಲೇ ಅದನ್ನು ಮರುಪರಿಶೀಲಿಸಿ, ಕನಿಷ್ಠ ಎರಡು ಜೀನುಗಳನ್ನಾದರೂ ಒಟ್ಟಿಗೆ ತರುವ ಗುರಿ ಇಟ್ಟುಕೊಳ್ಳಿ.

ಬರಹದ ಒಂದು ಎಚ್ಚರಿಕೆ: ಇಂಗ್ಲಿಷಿನಲ್ಲಿ ಪ್ರಬಲ ಜೀನಿನ ಹೆಸರು ದೊಡ್ಡಕ್ಷರದಿಂದಲೂ ಅಪ್ರಬಲದ್ದು ಸಣ್ಣಕ್ಷರದಿಂದಲೂ ಆರಂಭವಾಗುತ್ತದೆ. ಪ್ರಯೋಗದ ದಾಖಲೆಯಲ್ಲಿ ಇದನ್ನು ಅಡ್ಡಾದಿಡ್ಡಿಯಾಗಿ ಬರೆದರೆ ಮುಂದಿನ ತಲೆಮಾರಿನ ಲೆಕ್ಕವೆಲ್ಲ ತಪ್ಪುತ್ತದೆ.

ಬೇಕಾಗುವ ಸೌಕರ್ಯ

ವರ್ಷಕ್ಕೆ ಎರಡು ಬೆಳೆ ತೆಗೆಯಬಲ್ಲ ನೀರಾವರಿ ಮಡಿ ಅಥವಾ ಬಲೆಮನೆ, ಡಿಎನ್‌ಎ ತೆಗೆದು ಪಿಸಿಆರ್ ನಡೆಸಬಲ್ಲ ಸಾಧಾರಣ ಪ್ರಯೋಗಾಲಯ, ದುಂಡಾಣುವನ್ನು ಬೆಳೆಸಿ ಸುರಕ್ಷಿತವಾಗಿ ನಾಶಪಡಿಸಬಲ್ಲ ಸಸ್ಯರೋಗ ವಿಭಾಗ, ಇವಿಷ್ಟು ಇದ್ದರೆ ಸಾಕು. ಪಿಸಿಆರ್ ಎಂದರೆ ಡಿಎನ್‌ಎಯ ಒಂದು ನಿರ್ದಿಷ್ಟ ತುಣುಕನ್ನು ಮಾತ್ರ ಲಕ್ಷಾಂತರ ಪ್ರತಿಗಳಾಗಿ ಹೆಚ್ಚಿಸುವ ವಿಧಾನ. ಮೂರನೆಯ ಸೌಕರ್ಯ ನಿಮ್ಮಲ್ಲಿ ಇಲ್ಲದಿದ್ದರೆ ಕೃಷಿ ವಿಶ್ವವಿದ್ಯಾಲಯದ ಜೊತೆ ಒಪ್ಪಂದ ಮಾಡಿಕೊಳ್ಳಿ. ರೋಗಾಣುವನ್ನು ಮನೆಯಲ್ಲಿ ಬೆಳೆಸುವ ಪ್ರಯತ್ನ ಖಂಡಿತ ಬೇಡ.

ಹಂತ 1: ರೋಗ ಯಾವುದೆಂದು ಖಚಿತಪಡಿಸಿಕೊಳ್ಳಿ

ಗರಿಯ ತುದಿ ಒಣಗಿದ್ದೆಲ್ಲ ಅಂಗಮಾರಿಯಲ್ಲ. ಪೊಟ್ಯಾಷ್ ಕೊರತೆ, ಚೌಳು, ಬಿಸಿಲಿನ ಹೊಡೆತ ಎಲ್ಲವೂ ತುದಿಯನ್ನು ಸುಡುತ್ತವೆ. ಅಂಗಮಾರಿಯಲ್ಲಿ ಒಣಗುವಿಕೆ ತುದಿಯಿಂದ ಆರಂಭವಾಗಿ ಅಂಚುಗುಂಟ ಅಲೆಅಲೆಯಾದ ಗಡಿಯೊಂದಿಗೆ ಕೆಳಗಿಳಿಯುತ್ತದೆ. ಹಸಿರು ಮತ್ತು ಹಳದಿ ಸೇರುವ ಗಡಿಯಲ್ಲಿ ಗರಿಯ ಸಣ್ಣ ತುಂಡು ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ಕತ್ತರಿಸಿದ ತುದಿ ಮುಳುಗುವಂತೆ ಹಿಡಿದು ಬೆಳಕಿಗೆ ಒಡ್ಡಿ. ದುಂಡಾಣು ಇದ್ದರೆ ಕೆಲವೇ ನಿಮಿಷಗಳಲ್ಲಿ ಕತ್ತರಿಸಿದ ಜಾಗದಿಂದ ಹಾಲಿನಂಥ ಎಳೆ ನೀರಿಗೆ ಇಳಿಯತೊಡಗುತ್ತದೆ.

ಹಂತ 2: ದಾನಿ ತಳಿಯನ್ನು ಆರಿಸಿ

ನಿರೋಧಕ ಜೀನು ಕೊಡುವ ತಳಿಗೆ ದಾನಿ ಎಂದೂ, ಅದನ್ನು ಪಡೆಯುವ ನಿಮ್ಮ ಮೆಚ್ಚಿನ ತಳಿಗೆ ಮೂಲ ತಳಿ ಎಂದೂ ಇಲ್ಲಿ ಕರೆದಿದ್ದೇನೆ. ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ರೂಪಿಸಿದ ಐಆರ್‌ಬಿಬಿ60 ಎಂಬ ಸಾಲಿನಲ್ಲಿ (ಸಾಲು ಎಂದರೆ ಒಂದೇ ಗುಣದ ಗಿಡಗಳ ವಂಶ) ಎಕ್ಸ್‌ಎ4, ಎಕ್ಸ್‌ಎ5, ಎಕ್ಸ್‌ಎ13, ಎಕ್ಸ್‌ಎ21 ನಾಲ್ಕೂ ಇವೆ. ಸಾಂಬಾ ಮಸೂರಿಯ ಕೆಲಸದಲ್ಲಿ ಬಳಸಿದ ದಾನಿ ಎಸ್‌ಎಸ್1113, ಪಂಜಾಬಿನ ಪಿಆರ್106 ತಳಿಯಿಂದ ಬಂದ ಸಾಲು.

ನಿಮ್ಮ ಮೂಲ ತಳಿ ಸಣ್ಣಕ್ಕಿಯದಾಗಿದ್ದರೆ ಸುಧಾರಿತ ಸಾಂಬಾ ಮಸೂರಿಯನ್ನೇ ದಾನಿಯಾಗಿ ಬಳಸುವುದು ಮೇಲೆಂಬುದು ನನ್ನ ಅಭಿಪ್ರಾಯ. ದಾನಿಯಿಂದ ಜೀನಿನ ಜೊತೆಗೆ ಅಂಟಿಕೊಂಡು ಬರುವ ಅಕ್ಕಪಕ್ಕದ ಡಿಎನ್‌ಎಯಲ್ಲಿ ಬೇಡದ ಗುಣಗಳೂ ಇರುತ್ತವೆ, ದಪ್ಪ ಕಾಳು ಕೂಡ ಅವುಗಳಲ್ಲಿ ಒಂದಾಗಬಹುದು. ದಾನಿಯೇ ಒಳ್ಳೆಯ ಕಾಳಿನದಾಗಿದ್ದರೆ ಅವನ್ನು ಕಳಚುವ ಶ್ರಮ ಕಡಿಮೆಯಾಗುತ್ತದೆ. ಬೀಜವನ್ನು ಯಾರಿಂದ ತಂದರೂ ವಸ್ತು ಹಸ್ತಾಂತರ ಒಪ್ಪಂದಕ್ಕೆ ಸಹಿ ಹಾಕಿಯೇ ತನ್ನಿ. ಈ ಕಾಗದವಿಲ್ಲದೆ ಆರಂಭಿಸಿದ ಕೆಲಸ ತಳಿ ಬಿಡುಗಡೆಯ ಹೊತ್ತಿಗೆ ತೊಡಕಿಗೆ ಸಿಲುಕುತ್ತದೆ.

ಹಂತ 3: ಮಾರ್ಕರುಗಳು ನಿಮ್ಮ ತಳಿಯಲ್ಲಿ ಕೆಲಸ ಮಾಡುತ್ತವೆಯೇ ನೋಡಿ

ಮಾರ್ಕರ್ ಎಂದರೆ ಜೀನಿನ ಇರುವಿಕೆಯನ್ನು ಪತ್ತೆಹಚ್ಚಲು ನೆರವಾಗುವ, ಸುಲಭವಾಗಿ ಅಳೆಯಬಹುದಾದ ಡಿಎನ್‌ಎ ಗುರುತು. ಎಕ್ಸ್‌ಎ21ಕ್ಕೆ ಪಿಟಿಎ248, ಎಕ್ಸ್‌ಎ13ಕ್ಕೆ ಎಕ್ಸ್‌ಎ13-ಪ್ರೊಮ್, ಎಕ್ಸ್‌ಎ5ಕ್ಕೆ ಆರ್‌ಎಂ122 ಎಂಬ ಮಾರ್ಕರುಗಳು ಹೆಚ್ಚು ಬಳಕೆಯಲ್ಲಿವೆ. ಸಂಕರಣ ಮಾಡುವ ಮೊದಲೇ ದಾನಿ ಮತ್ತು ಮೂಲ ತಳಿ ಎರಡರ ಡಿಎನ್‌ಎಯನ್ನೂ ಇವುಗಳಿಂದ ಪರೀಕ್ಷಿಸಿ. ಎರಡರಲ್ಲೂ ಒಂದೇ ಗಾತ್ರದ ಪಟ್ಟಿ (ಪಿಸಿಆರ್‌ನಲ್ಲಿ ಹೆಚ್ಚಿದ ಡಿಎನ್‌ಎ ತುಣುಕು ಮೂಡಿಸುವ ಗೆರೆ) ಬಂದರೆ ಆ ಮಾರ್ಕರ್ ನಿಮಗೆ ನಿರುಪಯೋಗಿ, ಬೇರೆಯದನ್ನು ಹುಡುಕಬೇಕು. ಈ ಪರೀಕ್ಷೆಯನ್ನು ಬಿಟ್ಟು ನೇರವಾಗಿ ಸಂಕರಣಕ್ಕೆ ಇಳಿಯುವುದು ಹೊಸಬರಲ್ಲಿ ತೀರ ಸಾಮಾನ್ಯವಾದ ತಪ್ಪು.

ಆರ್‌ಎಂ122 ಜೀನಿನ ಒಳಗಿಲ್ಲ, ಪಕ್ಕದಲ್ಲಿದೆ. ಅಪರೂಪಕ್ಕಾದರೂ ವರ್ಣತಂತುಗಳು ತುಂಡು ಬದಲಾಯಿಸಿಕೊಳ್ಳುವಾಗ ಮಾರ್ಕರ್ ಒಂದು ಕಡೆಗೂ ಜೀನು ಇನ್ನೊಂದು ಕಡೆಗೂ ಹೋಗಬಹುದು, ಆಗ ಪಟ್ಟಿ ಇದ್ದರೂ ಜೀನು ಇರುವುದಿಲ್ಲ. ಎಕ್ಸ್‌ಎ13-ಪ್ರೊಮ್ ಜೀನಿನ ಬದಲಾದ ಭಾಗವನ್ನೇ ನೋಡುವುದರಿಂದ ಅಲ್ಲಿ ಈ ಅಪಾಯವಿಲ್ಲ.

ಹಂತ 4: ಸಂಕರಣ

ಮೂಲ ತಳಿಯನ್ನು ಹೆಣ್ಣಾಗಿ, ದಾನಿಯನ್ನು ಗಂಡಾಗಿ ಬಳಸಿ. ಎರಡೂ ಒಟ್ಟಿಗೆ ಹೂ ಬಿಡಬೇಕಾದ್ದರಿಂದ ಎರಡನ್ನೂ ವಾರದ ಅಂತರದಲ್ಲಿ ಮೂರು ಬಾರಿ ಬಿತ್ತಿ. ಹೊಡೆಯಿಂದ ತೆನೆ ಅರ್ಧಕ್ಕಿಂತ ಹೆಚ್ಚು ಹೊರಬಂದ ಗಿಡವನ್ನು ಸಂಜೆ ಆಯ್ದುಕೊಳ್ಳಿ. ಆಗಲೇ ಅರಳಿ ಮುಗಿದ ಮೇಲ್ತುದಿಯ ಹೂಗಳನ್ನೂ ತೀರ ಎಳೆಯದಾದ ಬುಡದ ಹೂಗಳನ್ನೂ ಕತ್ತರಿಸಿ ತೆಗೆದು, ನಡುವಿನ ಹೂಗಳನ್ನು ಮಾತ್ರ ಉಳಿಸಿಕೊಳ್ಳಿ. ಪ್ರತಿ ಹೂವಿನ ಮೇಲಿನ ಮೂರನೆಯ ಒಂದು ಭಾಗವನ್ನು ಓರೆಯಾಗಿ ಕತ್ತರಿಸಿದರೆ ಒಳಗೆ ಆರು ಪರಾಗಕೋಶಗಳು ಕಾಣುತ್ತವೆ. ಸಣ್ಣ ಚಿಮುಟದಿಂದ ಆರನ್ನೂ, ಒಡೆಯದಂತೆ, ಎತ್ತಿ ತೆಗೆಯಬೇಕು. ಐದನ್ನು ತೆಗೆದು ಒಂದನ್ನು ಬಿಟ್ಟರೂ ಆ ಕಾಳು ಸಂಕರವಾಗದೆ ತಾಯಿಯದೇ ಆಗುತ್ತದೆ. ತೆನೆಗೆ ಬಟರ್ ಪೇಪರ್ ಚೀಲ ಕಟ್ಟಿ, ಮರುದಿನ ಬೆಳಿಗ್ಗೆ ಗಂಡು ಗಿಡದ ಹೂಗಳು ಅರಳಿದಾಗ ಅದರ ತೆನೆಯನ್ನು ಚೀಲದ ಬಾಯಿಯಿಂದ ಒಳಗಿಟ್ಟು ಮೃದುವಾಗಿ ಅಲುಗಿಸಿ ಪರಾಗ ಉದುರಿಸಿ. ಕಾಳು ಬಲಿಯಲು ಸುಮಾರು 25–30 ದಿನ ಬೇಕು.

ಮೂಲ ತಳಿಯನ್ನೇ ಹೆಣ್ಣಾಗಿ ಬಳಸಲು ಹೇಳುವುದಕ್ಕೆ ಕಾರಣವಿದೆ. ಅಕಸ್ಮಾತ್ ಸ್ವಪರಾಗಸ್ಪರ್ಶವಾದ ಕಾಳಿನಲ್ಲಿ ದಾನಿಯ ಜೀನು ಇರುವುದೇ ಇಲ್ಲವಾದ್ದರಿಂದ ಮಾರ್ಕರ್ ಪರೀಕ್ಷೆಯಲ್ಲಿ ಅದು ಕೂಡಲೇ ಹೊರಬೀಳುತ್ತದೆ. ಮುಂದಿನ ತಲೆಮಾರುಗಳಲ್ಲಿ ಸಂಕರ ಗಿಡವನ್ನೇ ಹೆಣ್ಣಾಗಿಸಿದರೆ, ಸ್ವಪರಾಗದ ಕಾಳೂ ಜೀನನ್ನು ಹೊತ್ತು ನಿಮ್ಮ ಕಣ್ಣು ತಪ್ಪಿಸಬಹುದು.

ಹಂತ 5: ಡಿಎನ್‌ಎ ತೆಗೆದು ಗಿಡಗಳನ್ನು ಗುರುತಿಸಿ

ಸಸಿ ಮೂರು ವಾರದ್ದಾದಾಗ ಎಳೆಗರಿಯ ತುಂಡು ತೆಗೆಯಿರಿ. ಬಲಿತ ಗರಿಯಲ್ಲಿ ಪಿಷ್ಟ ಮತ್ತಿತರ ವಸ್ತುಗಳು ಹೆಚ್ಚಿದ್ದು ಪಿಸಿಆರ್‌ಗೆ ಅಡ್ಡಿಯಾಗುತ್ತವೆ. ಸಿಟಿಎಬಿ ಎಂಬ ಮಾರ್ಜಕ ದ್ರಾವಣದಲ್ಲಿ ಗರಿಯನ್ನು ಅರೆದು 65 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕಾಯಿಸಿ, ಕ್ಲೋರೋಫಾರ್ಮ್ ಮಿಶ್ರಣದಿಂದ ಪ್ರೋಟೀನು ಬೇರ್ಪಡಿಸಿ, ತಣ್ಣನೆಯ ಐಸೊಪ್ರೊಪನಾಲ್‌ನಲ್ಲಿ ಡಿಎನ್‌ಎ ಇಳಿಸಿ, ಶೇ 70ರ ಆಲ್ಕೋಹಾಲಿನಿಂದ ತೊಳೆಯುವುದು ರೂಢಿಯ ಕ್ರಮ. ಕ್ಲೋರೋಫಾರ್ಮ್ ಕೆಲಸವನ್ನು ಹೊಗೆಗೂಡಿನೊಳಗೇ ಮಾಡಿ.

ಪಿಸಿಆರ್ ಆದ ಮೇಲೆ ಜೆಲ್ಲಿನಲ್ಲಿ, ಅಂದರೆ ವಿದ್ಯುತ್ ಹರಿಸಿ ಡಿಎನ್‌ಎ ತುಣುಕುಗಳನ್ನು ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸುವ ಲೋಳೆಪದರದಲ್ಲಿ, ನೋಡುವುದು ಹೀಗೆ. ಮೊದಲ ಕಾಲುವೆಯಲ್ಲಿ ಅಳತೆಪಟ್ಟಿ, ಎರಡನೆಯದರಲ್ಲಿ ಮೂಲ ತಳಿ, ಮೂರನೆಯದರಲ್ಲಿ ದಾನಿ, ನಾಲ್ಕನೆಯದರಲ್ಲಿ ಡಿಎನ್‌ಎ ಹಾಕದ ಖಾಲಿ ಮಿಶ್ರಣ, ಆಮೇಲೆ ನಿಮ್ಮ ಗಿಡಗಳು. ಪಿಟಿಎ248 ಮಾರ್ಕರಿನಲ್ಲಿ ದಾನಿಯ ಪಟ್ಟಿ ಸುಮಾರು 950 ಬೇಸ್‌ಗಳ (ಡಿಎನ್‌ಎ ಅಕ್ಷರಗಳ) ಮಟ್ಟದಲ್ಲಿ ಮೇಲೆ ನಿಲ್ಲುತ್ತದೆ, ರೋಗಕ್ಕೆ ತುತ್ತಾಗುವ ತಳಿಯದು 650–700ರ ಮಟ್ಟದಲ್ಲಿ ಕೆಳಗಿರುತ್ತದೆ. ಎರಡೂ ಪಟ್ಟಿಗಳಿದ್ದರೆ ಗಿಡದಲ್ಲಿ ಎರಡೂ ಬಗೆಯ ಪ್ರತಿಗಳಿವೆ ಎಂದರ್ಥ. ಸಂಕರಣದ ತಲೆಮಾರುಗಳಲ್ಲಿ ನಿಮಗೆ ಬೇಕಾದದ್ದು ಇಂಥ ಎರಡು ಪಟ್ಟಿಯ ಗಿಡ. ಖಾಲಿ ಮಿಶ್ರಣದ ಕಾಲುವೆಯಲ್ಲಿ ಪಟ್ಟಿ ಮೂಡಿದರೆ ಎಲ್ಲೋ ಬೆರಕೆಯಾಗಿದೆ, ಆ ಜೆಲ್ಲಿನ ಫಲಿತಾಂಶವನ್ನು ಪೂರ್ತಿ ಕೈಬಿಡಿ.

ಚೀಟಿ ಅದಲುಬದಲಾಗುವುದು ಈ ಹಂತದ ದೊಡ್ಡ ಅಪಾಯ. ಗಿಡಕ್ಕೆ ಕಟ್ಟಿದ ಚೀಟಿಯ ಸಂಖ್ಯೆ, ಕೊಳವೆಯ ಸಂಖ್ಯೆ, ಜೆಲ್ಲಿನ ಕಾಲುವೆಯ ಸಂಖ್ಯೆ ಮೂರನ್ನೂ ಒಂದೇ ಪುಸ್ತಕದಲ್ಲಿ ಎದುರುಬದುರಾಗಿ ಬರೆಯಿರಿ, ಮತ್ತು ನಾಟಿಗೆ ಆಯ್ದ ಗಿಡಗಳನ್ನು ಎರಡನೆಯ ಬಾರಿ ಹೊಸ ಗರಿಯಿಂದ ಪರೀಕ್ಷಿಸಿ.

ಹಂತ 6: ಹಿಮ್ಮುಖ ಸಂಕರಣ

ಮೊದಲ ಸಂಕರ ಗಿಡದಲ್ಲಿ ಮೂಲ ತಳಿಯ ಪಾಲು ಅರ್ಧ ಮಾತ್ರ. ಅದನ್ನು ಮತ್ತೆ ಮೂಲ ತಳಿಯೊಂದಿಗೇ ಸಂಕರಿಸುತ್ತಾ ಹೋಗುವುದೇ ಹಿಮ್ಮುಖ ಸಂಕರಣ. ಪ್ರತಿ ಸುತ್ತಿನಲ್ಲೂ ದಾನಿಯ ಪಾಲು ಸರಾಸರಿ ಅರ್ಧಕ್ಕಿಳಿಯುವುದರಿಂದ ಮೂಲ ತಳಿಯ ಪಾಲು ಒಂದನೆಯ ಸುತ್ತಿಗೆ ಶೇ 75, ಎರಡನೆಯದಕ್ಕೆ 87.5, ಮೂರನೆಯದಕ್ಕೆ 93.75, ನಾಲ್ಕನೆಯದಕ್ಕೆ ಸುಮಾರು 96.9 ಆಗುತ್ತದೆ. ಸಾಂಬಾ ಮಸೂರಿಯಲ್ಲಿ ನಾಲ್ಕು ಸುತ್ತು ನಡೆಸಲಾಗಿತ್ತು.

ಎಕ್ಸ್‌ಎ5 ಮತ್ತು ಎಕ್ಸ್‌ಎ13 ಅಪ್ರಬಲವಾದ್ದರಿಂದ ಹಿಮ್ಮುಖ ಸಂಕರಣದ ಗಿಡಗಳಲ್ಲಿ ಅವು ಒಂದೇ ಪ್ರತಿಯಲ್ಲಿದ್ದು, ರೋಗ ತಗುಲಿಸಿ ನೋಡಿದರೆ ಗೊತ್ತಾಗುವುದಿಲ್ಲ. ಮಾರ್ಕರ್ ಇಲ್ಲದ ಕಾಲದಲ್ಲಿ ಪ್ರತಿ ಸುತ್ತಿನ ನಂತರ ಸ್ವಪರಾಗ ಮಾಡಿಸಿ, ಮರಿಗಳಿಗೆ ರೋಗ ತಗುಲಿಸಿ, ಮತ್ತೆ ಹಿಂದಿರುಗಬೇಕಾಗುತ್ತಿತ್ತು. ಮಾರ್ಕರ್ ಉಳಿಸಿಕೊಡುವ ಕಾಲ ಇದೇ.

ಗಿಡಗಳ ಸಂಖ್ಯೆಯನ್ನು ಊಹೆಯಿಂದ ನಿರ್ಧರಿಸಬೇಡಿ. ಮೂರೂ ಜೀನುಗಳು ಬೇರೆ ಬೇರೆ ವರ್ಣತಂತುಗಳಲ್ಲಿರುವುದರಿಂದ ಹಿಮ್ಮುಖ ಸಂಕರಣದ ಎಂಟು ಗಿಡಗಳಲ್ಲಿ ಸರಾಸರಿ ಒಂದರಲ್ಲಿ ಮಾತ್ರ ಮೂರೂ ಇರುತ್ತವೆ. ಅಂಥ ಒಂದು ಗಿಡವಾದರೂ ಸಿಗುವ ಸಂಭವ ಶೇ 99 ಇರಬೇಕಾದರೆ 35 ಗಿಡಗಳನ್ನು ಪರೀಕ್ಷಿಸಬೇಕು. ಆದರೆ ಒಂದೇ ಗಿಡ ಸಿಕ್ಕರೆ ಆರಿಸಲು ಏನೂ ಉಳಿಯುವುದಿಲ್ಲ, ಆದ್ದರಿಂದ ಅದರ ಎರಡು ಮೂರು ಪಟ್ಟು ಕಾಳುಗಳನ್ನು ಸಂಕರಣದಿಂದ ಪಡೆಯಿರಿ.

ಮೂರೂ ಜೀನುಗಳಿರುವ ಗಿಡಗಳಲ್ಲಿ ಮೂಲ ತಳಿಯ ಪಾಲು ಹೆಚ್ಚಿರುವುದನ್ನು ಆರಿಸಲು, 12 ವರ್ಣತಂತುಗಳ ಉದ್ದಕ್ಕೂ ಹರಡಿರುವ, ಎರಡು ಪೋಷಕರಲ್ಲಿ ಭಿನ್ನವಾಗಿ ಕಾಣುವ 50ಕ್ಕೂ ಹೆಚ್ಚು ಮಾರ್ಕರುಗಳಿಂದ ಪರೀಕ್ಷಿಸಿ. ಭತ್ತದ ಪೂರ್ಣ ಡಿಎನ್‌ಎ ಓದು 2005ರಲ್ಲಿ ಪ್ರಕಟವಾದ ಮೇಲೆ ಇಂಥ ಮಾರ್ಕರುಗಳಿಗೆ ಕೊರತೆಯಿಲ್ಲ. ಎಕ್ಸ್‌ಎ21 ಇರುವ 11ನೇ ವರ್ಣತಂತುವಿನ ಒಂದು ಭಾಗವನ್ನು ಓದಿದ್ದು ಭಾರತದ ತಂಡ ಎಂಬುದು ಹೆಮ್ಮೆಯ ವಿಷಯ. ಜೀನಿನ ಎಡಬಲಕ್ಕೆ ಹತ್ತಿರದಲ್ಲಿರುವ ಮಾರ್ಕರುಗಳ ಮೇಲೆ ವಿಶೇಷ ಗಮನವಿರಲಿ: ಒಂದು ಸುತ್ತಿನಲ್ಲಿ ಒಂದು ಬದಿಯ ದಾನಿ ತುಣುಕು ಕಳಚಿದ ಗಿಡವನ್ನೂ ಮುಂದಿನ ಸುತ್ತಿನಲ್ಲಿ ಇನ್ನೊಂದು ಬದಿ ಕಳಚಿದ್ದನ್ನೂ ಆರಿಸಿದರೆ ಅಂಟಿಕೊಂಡು ಬರುವ ಬೇಡದ ಗುಣಗಳು ದೂರವಾಗುತ್ತವೆ. ಇದರ ಜೊತೆಗೆ ಗಿಡದ ಎತ್ತರ, ಹೂ ಬಿಡುವ ದಿನ, ಕಾಳಿನ ಆಕಾರವನ್ನು ಕಣ್ಣಾರೆ ನೋಡಿಯೂ ಆರಿಸಬೇಕು.

ಹಂತ 7: ಜೀನುಗಳನ್ನು ಸ್ಥಿರಗೊಳಿಸಿ

ಕೊನೆಯ ಹಿಮ್ಮುಖ ಸಂಕರಣದ ಗಿಡವನ್ನು ಸ್ವಪರಾಗಕ್ಕೆ ಬಿಟ್ಟು, ಮರಿಗಳಲ್ಲಿ ಮೂರೂ ಜೀನುಗಳ ಎರಡೂ ಪ್ರತಿಗಳು ದಾನಿಯವೇ ಆಗಿರುವ, ಅಂದರೆ ಜೆಲ್ಲಿನಲ್ಲಿ ದಾನಿಯ ಪಟ್ಟಿ ಮಾತ್ರ ಕಾಣುವ ಗಿಡವನ್ನು ಹುಡುಕಬೇಕು. ಅಂಥದ್ದು 64ಕ್ಕೆ ಒಂದು. ಶೇ 99 ಖಾತ್ರಿಗೆ 293 ಸಸಿ ಬೇಕು. ಎರಡೇ ಜೀನುಗಳಾದರೆ 72 ಸಾಕು. ನೂರು ಸಸಿ ಪರೀಕ್ಷಿಸಿ ಸಿಗಲಿಲ್ಲವೆಂದು ನಿರಾಶರಾಗುವವರು ಈ ಲೆಕ್ಕವನ್ನು ಮೊದಲೇ ಹಾಕಿರುವುದಿಲ್ಲ. ಮೂರು ಸುತ್ತಿನ ಹಿಮ್ಮುಖ ಸಂಕರಣವಾದರೆ, ವರ್ಷಕ್ಕೆ ಎರಡು ಬೆಳೆಯಂತೆ, ಮೊದಲ ಸಂಕರಣದಿಂದ ಈ ಹಂತಕ್ಕೆ ಸುಮಾರು ಮೂರು ವರ್ಷ ಹಿಡಿಯುತ್ತದೆ.

ಹಂತ 8: ರೋಗ ತಗುಲಿಸಿ ಪರೀಕ್ಷಿಸಿ

ಈ ಹಂತವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ ಎಂದು ಒತ್ತಿ ಹೇಳುತ್ತೇನೆ. ಜೆಲ್ಲಿನ ಪಟ್ಟಿ ಡಿಎನ್‌ಎ ಗುರುತನ್ನು ತೋರಿಸುತ್ತದೆಯೇ ಹೊರತು ಗಿಡ ರೋಗವನ್ನು ತಡೆದುದನ್ನು ತೋರಿಸುವುದಿಲ್ಲ. ಪಟ್ಟಿ ನೋಡಿಯೇ ನಿರೋಧಕ ಎಂದು ಬರೆದ ವರದಿಗಳು ಗದ್ದೆಯಲ್ಲಿ ಸುಳ್ಳಾಗುತ್ತವೆ.

ಗರಿ ಕತ್ತರಿಸುವ ವಿಧಾನ ಸರಳ. ನಿಮ್ಮ ಪ್ರದೇಶದ ಗದ್ದೆಗಳಿಂದಲೇ ಸಂಗ್ರಹಿಸಿದ ದುಂಡಾಣುವನ್ನು ಸುಮಾರು 28 ಡಿಗ್ರಿಯಲ್ಲಿ ಎರಡು ಮೂರು ದಿನ ಬೆಳೆಸಿ, ಪ್ರತಿ ಮಿಲಿಲೀಟರಿಗೆ ಸುಮಾರು 10 ಕೋಟಿಯಿಂದ 100 ಕೋಟಿ ಕೋಶಗಳಿರುವ ದ್ರಾವಣ ತಯಾರಿಸಿ. ತೆಂಡೆಗಳು ಪೂರ್ತಿ ಒಡೆದ ಹಂತದಲ್ಲಿ, ಕತ್ತರಿಯನ್ನು ಅದರಲ್ಲಿ ಅದ್ದಿ ಗರಿಯ ತುದಿಯ 2–3 ಸೆಂಟಿಮೀಟರ್ ಕತ್ತರಿಸಿ. ಪ್ರತಿ ಗಿಡದ ಐದು ಗರಿಗಳಿಗೆ ಹೀಗೆ ಮಾಡಿ, ಪ್ರತಿ ಬಾರಿಯೂ ಕತ್ತರಿಯನ್ನು ಮತ್ತೆ ಅದ್ದಿ. ಹೋಲಿಕೆಗಾಗಿ ಕೆಲವು ಗಿಡಗಳನ್ನು ಬರಿಯ ನೀರಿನಲ್ಲಿ ಅದ್ದಿದ ಬೇರೊಂದು ಕತ್ತರಿಯಿಂದ ಕತ್ತರಿಸಬೇಕು. 14–15 ದಿನಗಳ ನಂತರ ಒಣಗಿದ ಭಾಗದ ಉದ್ದ ಅಳೆಯಿರಿ. 3 ಸೆಂಟಿಮೀಟರಿನೊಳಗೆ ನಿಂತಿದ್ದರೆ ನಿರೋಧಕ, 3–6 ಸಾಧಾರಣ ನಿರೋಧಕ, 6–9 ಸಾಧಾರಣವಾಗಿ ತುತ್ತಾಗುವಂಥದ್ದು, 9ಕ್ಕಿಂತ ಹೆಚ್ಚಾದರೆ ಪೂರ್ತಿ ತುತ್ತಾಗುವಂಥದ್ದು ಎಂಬುದು ರೂಢಿಯ ವರ್ಗೀಕರಣ.

ಇಲ್ಲಿ ಆಗುವ ಮುಖ್ಯ ತಪ್ಪುಗಳು ಮೂರು. ಎಕ್ಸ್‌ಎ21ರ ಪೂರ್ಣ ಶಕ್ತಿ ಬಲಿತ ಗಿಡದಲ್ಲಿ ಮಾತ್ರ ವ್ಯಕ್ತವಾಗುವುದರಿಂದ ಎಳೆಯ ಸಸಿಯಲ್ಲಿ ಪರೀಕ್ಷಿಸಿ ಜೀನು ಕೆಲಸ ಮಾಡುತ್ತಿಲ್ಲವೆಂದು ಒಳ್ಳೆಯ ಗಿಡವನ್ನು ಕಿತ್ತೊಗೆಯುವುದು ಒಂದು. ರೋಗಕ್ಕೆ ತುತ್ತಾಗುವ ಟಿಎನ್1ರಂಥ ತಳಿಯನ್ನು ಪಕ್ಕದಲ್ಲಿ ಬೆಳೆಸದೆ, ಸತ್ತ ದುಂಡಾಣುವಿನ ದ್ರಾವಣ ಬಳಸಿ, ಎಲ್ಲ ಗಿಡವೂ ನಿರೋಧಕವೆಂದು ಸಂತೋಷಪಡುವುದು ಇನ್ನೊಂದು. ಒಂದೇ ಊರಿನ ಒಂದೇ ದುಂಡಾಣು ಸಾಲಿನಿಂದ ಪರೀಕ್ಷೆ ಮುಗಿಸುವುದು ಮೂರನೆಯದು. ಗಂಗಾವತಿಯ ದುಂಡಾಣುವನ್ನು ತಡೆದ ಗಿಡ ಮಂಡ್ಯದ ದುಂಡಾಣುವನ್ನೂ ತಡೆಯುತ್ತದೆಂದು ಪರೀಕ್ಷಿಸದೆ ಹೇಳಲಾಗದು.

ಹಂತ 9: ಗದ್ದೆಯ ಪ್ರಯೋಗ ಮತ್ತು ಕಾನೂನು

ರೋಗವಿಲ್ಲದ ಮಡಿಯಲ್ಲಿ ಹೊಸ ಸಾಲನ್ನೂ ಮೂಲ ತಳಿಯನ್ನೂ ಅಕ್ಕಪಕ್ಕ ಬೆಳೆದು ಇಳುವರಿ, ಅವಧಿ, ಅಕ್ಕಿಯ ಗುಣ, ಅನ್ನದ ಗುಣ ಹೋಲಿಸಿ. ರೋಗವಿಲ್ಲದಾಗ ಇಳುವರಿ ಕುಸಿದರೆ ಬೇಡದ ತುಣುಕು ಇನ್ನೂ ಉಳಿದಿದೆ ಎಂದು ತಿಳಿದು ಇನ್ನೊಂದು ಸುತ್ತಿನ ಸಂಕರಣಕ್ಕೆ ಹಿಂದಿರುಗಿ. ಅಖಿಲ ಭಾರತ ಸಮನ್ವಯ ಭತ್ತ ಯೋಜನೆಯಲ್ಲಿ ಇಂಥ ಸಾಲುಗಳಿಗೆ ಪ್ರತ್ಯೇಕ ಪ್ರಯೋಗ ವಿಭಾಗವಿದೆ.

ಇದು ಕುಲಾಂತರಿಯಲ್ಲ. ಭತ್ತದೊಂದಿಗೆ ಭತ್ತವನ್ನು ಕೈಯಿಂದ ಸಂಕರಿಸಿ, ಡಿಎನ್‌ಎ ನೋಡಿ ಆಯ್ದದ್ದು ಮಾತ್ರ. ಆದ್ದರಿಂದ ಕುಲಾಂತರಿ ಬೆಳೆಗಳಿಗೆ ಬೇಕಾದ ಅನುಮತಿ ಇದಕ್ಕೆ ಬೇಕಿಲ್ಲ. ಜೀನಿನ ಅಕ್ಷರಗಳನ್ನೇ ತಿದ್ದುವ ಜೀನೋಮ್ ಸಂಪಾದನೆ ಬೇರೆಯೇ ವಿಧಾನ, ಅದಕ್ಕೆ 2022ರಿಂದ ಬೇರೆಯೇ ಮಾರ್ಗಸೂಚಿ ಇದೆ. 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯಲ್ಲಿ ಮೂಲ ತಳಿಯಿಂದ ಬಹುಮಟ್ಟಿಗೆ ಹುಟ್ಟಿದ ತಳಿ ಎಂಬ ವರ್ಗವಿದ್ದು ನಿಮ್ಮ ಸಾಲು ಅದಕ್ಕೆ ಸೇರಬಹುದು. ಮೂಲ ತಳಿಯನ್ನು ಅಭಿವೃದ್ಧಿಪಡಿಸಿದ ಸಂಸ್ಥೆಯೊಂದಿಗೆ ಮೊದಲೇ ಲಿಖಿತವಾಗಿ ಮಾತುಕತೆ ನಡೆಸಿ. ಅದೇ ಕಾಯಿದೆ ರೈತರಿಗೆ ತಮ್ಮ ಬೆಳೆಯ ಬೀಜವನ್ನು ಉಳಿಸಿಕೊಳ್ಳುವ, ಮತ್ತೆ ಬಿತ್ತುವ, ಹಂಚಿಕೊಳ್ಳುವ, ಬ್ರಾಂಡ್ ಹೆಸರಿಲ್ಲದೆ ಮಾರುವ ಹಕ್ಕನ್ನು ಕೊಟ್ಟಿದೆ.

ಸುಧಾರಿತ ಸಾಂಬಾ ಮಸೂರಿಯಂಥ ತಳಿಯನ್ನು ಈಗಾಗಲೇ ಬೆಳೆಯುತ್ತಿರುವ ರೈತರು ಗದ್ದೆಯಲ್ಲಿ ಅಂಗಮಾರಿಯ ಉದ್ದ ಗೆರೆಗಳನ್ನು ಕಂಡರೆ ಮೊದಲು ಲೋಟದ ನೀರಿನ ಪರೀಕ್ಷೆ ಮಾಡಿ. ಹಾಲಿನಂಥ ಎಳೆ ಇಳಿದರೆ ಅದು ಬೀಜದ ಬೆರಕೆಯೂ ಆಗಿರಬಹುದು, ಜೀನುಗಳನ್ನು ಮೀರಿದ ಹೊಸ ದುಂಡಾಣುವೂ ಆಗಿರಬಹುದು. ರೋಗದ ಗರಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ತುಂಬದೆ, ಹಳೆಯ ದಿನಪತ್ರಿಕೆಯ ನಡುವೆ ಒಣಗಿಸಿ ಕಾಗದದ ಲಕೋಟೆಯಲ್ಲಿಟ್ಟು, ತಳಿಯ ಹೆಸರು, ಬೀಜ ತಂದ ಜಾಗ, ಊರು ಮತ್ತು ದಿನಾಂಕ ಬರೆದು ಹತ್ತಿರದ ಕೃಷಿ ಸಂಶೋಧನಾ ಕೇಂದ್ರದ ಸಸ್ಯರೋಗ ವಿಭಾಗಕ್ಕೆ ತಲುಪಿಸಿ. ಅದೇ ಗಿಡದ ಒಂದಷ್ಟು ಕಾಳನ್ನೂ ಬೇರೆ ಲಕೋಟೆಯಲ್ಲಿ ಕೊಟ್ಟರೆ ಅವರು ಜೀನುಗಳಿವೆಯೇ ಎಂದು ಮಾರ್ಕರಿನಿಂದ ನೋಡಿ ಎರಡರಲ್ಲಿ ಯಾವುದು ಕಾರಣವೆಂದು ಹೇಳಬಲ್ಲರು.